ಹಳೆಯ ಸರಕು ವಾಹನದ ಎಂಜಿನ್ ಕಾದಾಗ: ದೋಷಪತ್ತೆಗೆ ಒಂದು ಕ್ರಮ

ಸಣ್ಣ ಕೈಗಾರಿಕೆಯ ಲೆಕ್ಕಪತ್ರದಲ್ಲಿ ಯಂತ್ರೋಪಕರಣ, ಕಚ್ಚಾ ಸಾಮಗ್ರಿ ಮತ್ತು ಕೂಲಿಗೆ ಪ್ರತ್ಯೇಕ ಶೀರ್ಷಿಕೆಗಳಿರುತ್ತವೆ. ಸಿದ್ಧಗೊಂಡ ಸರಕನ್ನು ಗ್ರಾಹಕರ ಬಾಗಿಲಿಗೆ ತಲುಪಿಸುವ ವಾಹನ ಮಾತ್ರ ಸಾಮಾನ್ಯವಾಗಿ ‘ಇತರೆ ವೆಚ್ಚ’ಗಳ ಸಾಲಿನಲ್ಲಿ ಮರೆಯಾಗಿರುತ್ತದೆ. ಅದು ನಡುರಸ್ತೆಯಲ್ಲಿ ಹಬೆಯುಗುಳುತ್ತ ನಿಂತ ದಿನ ಬಾಡಿಗೆ ವಾಹನದ ಖರ್ಚು, ವಿಳಂಬಿತ ಸರಬರಾಜು, ಗ್ರಾಹಕರ ಅಸಮಾಧಾನ ಇವೆಲ್ಲ ಒಟ್ಟಿಗೆ ಬಂದು ಅದರ ನಿಜವಾದ ಬೆಲೆಯನ್ನು ತಿಳಿಸುತ್ತವೆ.

ದಕ್ಷಿಣ ಬೆಂಗಳೂರಿನ ಅಂಜನಾಪುರ, ಕೋಣನಕುಂಟೆ, ಗೊಟ್ಟಿಗೆರೆ ಮತ್ತು ತಲಘಟ್ಟಪುರದ ಸುತ್ತಮುತ್ತಲಿನ ವರ್ತಕರು ಹಾಗೂ ಸಣ್ಣ ತಯಾರಕರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಗೊಂಡು ಜನರ ಓಡಾಟ ಸುಗಮವಾಯಿತು. ಸರಕಿನ ಓಡಾಟವಾದರೋ ಇಂದಿಗೂ ರಸ್ತೆಯನ್ನೇ ನಂಬಿದೆ. 1986ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ 407, 2005ರಲ್ಲಿ ಬಂದ ಟಾಟಾ ಏಸ್, 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿ ಮುಂತಾದ ಹಳೆಯ ವಾಹನಗಳು ಸಣ್ಣ ವ್ಯಾಪಾರದ ಭಾರವನ್ನು ಈಗಲೂ ಹೊರುತ್ತಿವೆ. ಇಂತಹ ವಾಹನಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ದೋಷ ಎಂಜಿನ್ ಅತಿಯಾಗಿ ಕಾಯುವುದು. ಆದರೆ ‘ಹೀಟ್ ಆಗುತ್ತಿದೆ’ ಎಂಬುದು ಲಕ್ಷಣವೇ ಹೊರತು ಕಾಯಿಲೆಯ ಹೆಸರಲ್ಲ. ಜ್ವರಕ್ಕೆ ಕಾರಣ ಹತ್ತು ಇರುವಂತೆ ಇದಕ್ಕೂ ಹತ್ತು ಕಾರಣಗಳಿವೆ. ಕಾರಣ ತಿಳಿಯದೆ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಹಣವೂ ದಿನಗಳೂ ವ್ಯರ್ಥವಾಗುತ್ತವೆ. ಕಡಿಮೆ ಖರ್ಚಿನ ಪರೀಕ್ಷೆಯಿಂದ ಆರಂಭಿಸಿ ದುಬಾರಿ ಪರೀಕ್ಷೆಯ ಕಡೆಗೆ ಸಾಗುವ ಕ್ರಮವನ್ನು ಮಾಲೀಕರು ತಿಳಿದಿದ್ದರೆ ಈ ನಷ್ಟದ ಬಹುಭಾಗವನ್ನು ತಪ್ಪಿಸಬಹುದು.

ವ್ಯವಸ್ಥೆ ಕೆಲಸ ಮಾಡುವ ಬಗೆ

ಎಂಜಿನ್‌ನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರಗಳನ್ನು ತಿರುಗಿಸಲು ಬಳಕೆಯಾಗುತ್ತದೆ. ಇನ್ನೊಂದು ಭಾಗ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದುದರ ಹೆಚ್ಚಿನಂಶವನ್ನು ತಂಪುಗೊಳಿಸುವ ದ್ರವವು ಹೊತ್ತು ರೇಡಿಯೇಟರ್‌ಗೆ ತಲುಪಿಸಬೇಕು. ವಾಟರ್ ಪಂಪ್ ಈ ದ್ರವವನ್ನು ಸುತ್ತಿಸುತ್ತದೆ. ಥರ್ಮೋಸ್ಟಾಟ್ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್‌ನ ದಾರಿಯನ್ನು ಮುಚ್ಚಿಟ್ಟು, ಅನೇಕ ಎಂಜಿನ್‌ಗಳಲ್ಲಿ ಸುಮಾರು 82 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ತೆರೆಯಲಾರಂಭಿಸುತ್ತದೆ. ಫ್ಯಾನ್ ಗಾಳಿಯನ್ನು ಎಳೆದು ರೇಡಿಯೇಟರ್‌ನ ಶಾಖವನ್ನು ಕಳೆಯುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾಗುವ ಭಾಗವೆಂದರೆ ರೇಡಿಯೇಟರ್ ಮುಚ್ಚಳ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡವನ್ನು ಹಿಡಿದಿಡುವ ಮುಚ್ಚಳ ಸರಿಯಾಗಿದ್ದರೆ ಅದೇ ನೀರು ಸುಮಾರು 117 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಸರಿಯಾದ ಪ್ರಮಾಣದಲ್ಲಿ ಕೂಲಂಟ್ ಬೆರೆತಿದ್ದರೆ ಇನ್ನೂ ಕೆಲವು ಡಿಗ್ರಿಗಳ ಅವಕಾಶ ದೊರೆಯುತ್ತದೆ. ಮುಚ್ಚಳದ ರಬ್ಬರ್ ಒಡೆದು ಅಥವಾ ಸ್ಪ್ರಿಂಗ್ ಸಡಿಲವಾಗಿ ಒತ್ತಡ ನಿಲ್ಲದೆ ಹೋದರೆ, ಉಳಿದೆಲ್ಲ ಭಾಗಗಳು ಚೆನ್ನಾಗಿದ್ದರೂ ನೀರು ಕುದಿದು ಹೊರಚೆಲ್ಲುತ್ತದೆ.

ಮೊದಲ ಪ್ರಶ್ನೆ: ಯಾವಾಗ ಕಾಯುತ್ತದೆ?

ಮೆಕ್ಯಾನಿಕ್ ಬಳಿಗೆ ಹೋಗುವ ಮುನ್ನ ಮಾಲೀಕರು ತಮ್ಮ ಚಾಲಕರನ್ನು ಕೇಳಬೇಕಾದ ಪ್ರಶ್ನೆ ಇದು. ಇದರ ಉತ್ತರವೇ ಕಾರಣಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸುತ್ತದೆ. ಅಂಜನಾಪುರದ ಚಾಲಕರಿಗೆ ಪರೀಕ್ಷೆಯ ಎರಡು ರಸ್ತೆಗಳು ಹತ್ತಿರದಲ್ಲಿಯೇ ಇವೆ. ಸಂಜೆಯ ದಟ್ಟಣೆಯಲ್ಲಿ ಬನಶಂಕರಿಯಿಂದ ಕೋಣನಕುಂಟೆ ಕ್ರಾಸ್‌ವರೆಗಿನ ಕನಕಪುರ ರಸ್ತೆ ಒಂದು. ಕನಕಪುರ ರಸ್ತೆಯಿಂದ ಬನ್ನೇರುಘಟ್ಟ ರಸ್ತೆಯನ್ನು ಹಾಯ್ದು ಹೊಸೂರು ರಸ್ತೆ ಸೇರುವ ನೈಸ್ ರಸ್ತೆ ಇನ್ನೊಂದು.

1. ನಿಂತು ನಿಂತು ಸಾಗುವ ದಟ್ಟಣೆಯಲ್ಲಿ ಮಾತ್ರ ಕಾದು, ನೈಸ್ ರಸ್ತೆಯಲ್ಲಿ ವೇಗ ಸಿಕ್ಕೊಡನೆ ಮುಳ್ಳು ಕೆಳಗಿಳಿದರೆ, ದೋಷವು ಬಹುತೇಕ ಗಾಳಿಯ ಹರಿವಿನಲ್ಲಿದೆ ಎಂದು ತಿಳಿಯಬೇಕು. ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು. ವಿದ್ಯುತ್ ಫ್ಯಾನ್ ಇರುವ ವಾಹನಗಳಲ್ಲಿ ಮೋಟಾರ್, ರಿಲೇ, ಫ್ಯೂಸ್ ಅಥವಾ ಥರ್ಮೋ ಸ್ವಿಚ್ ಕೆಟ್ಟಿರಬಹುದು. ದುರಸ್ತಿಯ ವೇಳೆ ತಂತಿಗಳು ಅದಲುಬದಲಾಗಿ ಫ್ಯಾನ್ ಹಿಮ್ಮುಖವಾಗಿ ತಿರುಗುವುದೂ ಉಂಟು. ಫ್ಯಾನ್ ಸುತ್ತಲಿನ ಕವಚವನ್ನು ಹಿಂದಿನ ಯಾವುದೋ ದುರಸ್ತಿಯಲ್ಲಿ ಕಳಚಿ ಹಾಗೆಯೇ ಬಿಟ್ಟಿದ್ದರೆ ಗಾಳಿ ರೇಡಿಯೇಟರ್ ಮೂಲಕ ಬಾರದೆ ಬದಿಯಿಂದ ನುಸುಳುತ್ತದೆ.

2. ದಟ್ಟಣೆಯಲ್ಲಿ ಸರಿಯಾಗಿದ್ದು, ವೇಗದಲ್ಲಿ, ಭಾರ ಹೊತ್ತಾಗ ಅಥವಾ ಏರಿನಲ್ಲಿ ಕಾದರೆ, ದ್ರವದ ಹರಿವನ್ನು ಅಥವಾ ಶಾಖ ವಿನಿಮಯವನ್ನು ಶಂಕಿಸಬೇಕು. ರೇಡಿಯೇಟರ್ ನಳಿಕೆಗಳು ಒಳಗೆ ಕಟ್ಟಿಕೊಂಡಿರುವುದು, ಹೊರಗಿನ ರೆಕ್ಕೆಗಳಲ್ಲಿ ಧೂಳು ಮತ್ತು ಹುಳುಗಳು ತುಂಬಿರುವುದು, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುವುದು, ಪಂಪಿನ ಒಳಗಿನ ರೆಕ್ಕೆಗಳು ತುಕ್ಕಿನಿಂದ ಸವೆದಿರುವುದು, ಕೆಳಗಿನ ಹೋಸ್ ಮೆತ್ತಗಾಗಿ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುವುದು ಇವು ಮುಖ್ಯ ಕಾರಣಗಳು. ಅಂಗಡಿಯ ನಾಮಫಲಕವನ್ನು ಮುಂಭಾಗದ ಜಾಲರಿಗೇ ಕಟ್ಟಿ ಗಾಳಿಯನ್ನು ತಡೆದಿರುವ ಸಾಧ್ಯತೆಯನ್ನೂ ಮರೆಯಬಾರದು.

3. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲನೆಗೊಂಡ ಕೆಲವೇ ನಿಮಿಷಗಳಲ್ಲಿ ಮುಳ್ಳು ಏರಿದರೆ, ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವುದು, ನೀರು ಕಡಿಮೆಯಾಗಿರುವುದು, ಒಳಗೆ ಗಾಳಿ ಸೇರಿಕೊಂಡಿರುವುದು ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿರುವುದು ಕಾರಣವಾಗಿರುತ್ತದೆ.

4. ಮುಳ್ಳು ಕೆಂಪು ಗೆರೆ ಮುಟ್ಟಿದರೂ ಹಬೆ, ವಾಸನೆ, ಹೋಸ್‌ನ ಬಿಗಿತ ಯಾವುದೂ ಇಲ್ಲದಿದ್ದರೆ ಮೀಟರ್ ಅಥವಾ ಸೆನ್ಸರ್ ತಪ್ಪು ತೋರಿಸುತ್ತಿರಬಹುದು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಥರ್ಮೋಸ್ಟಾಟ್ ಕೋಶದ ಉಷ್ಣತೆಯನ್ನು ಅಳೆದರೆ ಸಂಶಯ ನಿವಾರಣೆಯಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ನೀರೆಲ್ಲ ಸೋರಿಹೋದ ಎಂಜಿನ್‌ನಲ್ಲಿ ಸೆನ್ಸರ್ ದ್ರವದಲ್ಲಿ ಮುಳುಗಿರದ ಕಾರಣ ಮುಳ್ಳು ಕೆಳಗೇ ಉಳಿಯಬಹುದು. ಎಂಜಿನ್ ಬಲ ಕುಗ್ಗಿ, ಲೋಹ ಬಡಿಯುವ ಸದ್ದು ಕೇಳಿಸುತ್ತಿದ್ದರೆ ಮುಳ್ಳನ್ನು ನಂಬದೆ ಒಡನೆಯೇ ನಿಲ್ಲಿಸತಕ್ಕದ್ದು.

ಎರಡನೆಯ ಪ್ರಶ್ನೆ: ನೀರು ಎಲ್ಲಿಗೆ ಹೋಗುತ್ತಿದೆ?

ಮುಚ್ಚಿದ ವ್ಯವಸ್ಥೆಯಲ್ಲಿ ನೀರು ತಾನಾಗಿ ಗಣನೀಯವಾಗಿ ಕಡಿಮೆಯಾಗುವುದಿಲ್ಲ. ವಾರಕ್ಕೊಮ್ಮೆ ನೀರು ತುಂಬಬೇಕಾಗಿದೆ ಎಂದರೆ ಸೋರಿಕೆ ಇದೆ ಎಂದೇ ಅರ್ಥ. ಹೊರಗಿನ ಸೋರಿಕೆಯು ಒಣಗಿದ ಬಿಳಿ ಅಥವಾ ಬಣ್ಣದ ಕಲೆಯನ್ನು ಬಿಟ್ಟಿರುತ್ತದೆ. ಹೋಸ್‌ಗಳ ಕ್ಲಿಪ್, ರೇಡಿಯೇಟರ್‌ನ ಬೆಸುಗೆ, ಎಂಜಿನ್ ಬ್ಲಾಕ್‌ನ ಬದಿಯ ಬಿರಡೆಗಳು, ಪಂಪಿನ ಕೆಳಗಿರುವ ಸಣ್ಣ ತೂತು ಇವುಗಳನ್ನು ಬೆಳಕು ಹಿಡಿದು ನೋಡಬೇಕು. ಪಂಪಿನ ತೂತಿನಿಂದ ನೀರು ಜಿನುಗುತ್ತಿದ್ದರೆ ಒಳಗಿನ ಸೀಲ್ ಸವೆದಿದೆ ಎಂಬ ಸೂಚನೆ. ಆ ತೂತನ್ನು ಮುಚ್ಚುವುದು ಸರ್ವಥಾ ಸಲ್ಲದು.

ಕಣ್ಣಿಗೆ ಕಾಣದಿದ್ದಲ್ಲಿ ಒತ್ತಡ ಪರೀಕ್ಷೆ ಮಾಡಿಸಬೇಕು. ತಣ್ಣನೆಯ ಎಂಜಿನ್‌ನ ರೇಡಿಯೇಟರ್ ಬಾಯಿಗೆ ಕೈಪಂಪನ್ನು ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿರುವಷ್ಟು ಒತ್ತಡವನ್ನು ಕೊಟ್ಟು, ಹತ್ತು ಹದಿನೈದು ನಿಮಿಷ ಮುಳ್ಳನ್ನು ಗಮನಿಸಲಾಗುತ್ತದೆ. ಒತ್ತಡ ಇಳಿದು ಹೊರಗೆ ಹನಿ ಕಂಡರೆ ಸ್ಥಳ ಗೊತ್ತಾಯಿತು. ಒತ್ತಡ ಇಳಿದರೂ ಹೊರಗೆ ಹನಿ ಕಾಣದಿದ್ದರೆ ನೀರು ಎಂಜಿನ್‌ನ ಒಳಗೇ ಹೋಗುತ್ತಿದೆ ಎಂದು ಶಂಕಿಸಬೇಕು. ಅದೇ ಪಂಪಿನಿಂದ ಮುಚ್ಚಳವನ್ನೂ ಪರೀಕ್ಷಿಸಬಹುದು.

ಎಂಜಿನ್ ಪೂರ್ತಿ ತಣಿದ ನಂತರ ಮೇಲಿನ ಹೋಸ್ ಚಪ್ಪಟೆಯಾಗಿ ಕಂಡರೆ, ಮುಚ್ಚಳದ ಎರಡನೆಯ ಕವಾಟ, ಎಂದರೆ ಹೊರಗಿನ ಡಬ್ಬಿಯಿಂದ ದ್ರವವನ್ನು ಮರಳಿ ಎಳೆದುಕೊಳ್ಳಬೇಕಾದ ಕವಾಟ, ಕೆಲಸ ಮಾಡುತ್ತಿಲ್ಲವೆಂದು ತಿಳಿಯಬೇಕು.

ಬಿಡಿಭಾಗಗಳ ಪರೀಕ್ಷೆ

ಥರ್ಮೋಸ್ಟಾಟ್ ಪರೀಕ್ಷೆಗೆ ವರ್ಕ್‌ಶಾಪ್‌ನ ವಿಶೇಷ ಉಪಕರಣ ಬೇಕಿಲ್ಲ. ಅದನ್ನು ಕಳಚಿ, ನೀರಿನ ಪಾತ್ರೆಯಲ್ಲಿ ದಾರದಿಂದ ತೂಗಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಬೇಕು. ಅದರ ಮೇಲೆ ಕೆತ್ತಿರುವ ಉಷ್ಣತೆಯ ಹತ್ತಿರ ತೆರೆಯಲಾರಂಭಿಸಿ, ಮುಂದಿನ ಹತ್ತು ಹನ್ನೆರಡು ಡಿಗ್ರಿಗಳಲ್ಲಿ ಪೂರ್ತಿ ತೆರೆಯಬೇಕು. ತಣಿದಾಗ ಪೂರ್ತಿ ಮುಚ್ಚಬೇಕು. 82 ಡಿಗ್ರಿಯ ಥರ್ಮೋಸ್ಟಾಟ್‌ಗೆ ನಮ್ಮ ಊರಿನ ಕುದಿಯುವ ನೀರು ಸಾಕಾಗುತ್ತದೆ.

ರೇಡಿಯೇಟರ್‌ನ ಒಳತಡೆಯನ್ನು ಕಂಡುಹಿಡಿಯಲು ಎಂಜಿನ್ ಕಾದು ಥರ್ಮೋಸ್ಟಾಟ್ ತೆರೆದ ಮೇಲೆ ಅದರ ಮುಖದ ಬೇರೆ ಬೇರೆ ಭಾಗಗಳ ಉಷ್ಣತೆಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯಬೇಕು. ಉಷ್ಣತೆಯು ಪ್ರವೇಶದಿಂದ ನಿರ್ಗಮದವರೆಗೆ ಕ್ರಮವಾಗಿ ಇಳಿಯಬೇಕು. ನಡುವೆ ಎಲ್ಲಿಯಾದರೂ ತಟ್ಟನೆ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿನ ನಳಿಕೆಗಳು ಕಟ್ಟಿಕೊಂಡಿವೆ. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರ್‌ಗಳ ತೊಟ್ಟಿಯನ್ನು ಬಿಚ್ಚಿ, ನಳಿಕೆಗಳಲ್ಲಿ ರಾಡ್ ಹಾಯಿಸಿ ಶುಚಿಗೊಳಿಸಿ ಮತ್ತೆ ಬೆಸೆಯಬಹುದು. ಅಲ್ಯೂಮಿನಿಯಂ ಹಾಗೂ ಪ್ಲಾಸ್ಟಿಕ್ ತೊಟ್ಟಿಯವುಗಳನ್ನು ಸಾಮಾನ್ಯವಾಗಿ ಬದಲಿಸುವುದೇ ದಾರಿ. ಹೊರಗಿನ ಧೂಳನ್ನು ಎಂಜಿನ್ ಕಡೆಯಿಂದ ಹೊರಮುಖವಾಗಿ ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಸರ್ವಿಸ್ ಸ್ಟೇಷನ್‌ನ ಜೋರು ಪೈಪನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಹೆಡ್ ಗ್ಯಾಸ್ಕೆಟ್ ಪರೀಕ್ಷೆಯನ್ನು ಕೊನೆಗೆ ಇಡಬೇಕು. ಆದರೆ ಹೆಡ್ ಇಳಿಸುವ ಮುನ್ನ ತಪ್ಪದೆ ಮಾಡಬೇಕು. ತಣ್ಣನೆಯ ಎಂಜಿನ್ ಚಾಲನೆಗೊಂಡ ಒಂದೆರಡು ನಿಮಿಷಗಳಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯುವುದು, ರೇಡಿಯೇಟರ್ ಬಾಯಿಯಲ್ಲಿ ನಿರಂತರ ಗುಳ್ಳೆಗಳು ಏಳುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದಿರುವುದು, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು ಇದರ ಲಕ್ಷಣಗಳು. ರೇಡಿಯೇಟರ್ ಬಾಯಿಯ ಗಾಳಿಯನ್ನು ಬಣ್ಣದ ದ್ರಾವಣವೊಂದರ ಮೂಲಕ ಹಾಯಿಸುವ ಪರೀಕ್ಷೆಯೂ ಇದೆ. ಉರಿದ ಅನಿಲ ನೀರಿಗೆ ಸೇರುತ್ತಿದ್ದರೆ ದ್ರಾವಣದ ಬಣ್ಣ ಬದಲಾಗುತ್ತದೆ. ಈ ಪುರಾವೆಗಳಿಲ್ಲದೆ ‘ಹೆಡ್ ಹೋಗಿದೆ’ ಎಂಬ ತೀರ್ಪನ್ನು ಮಾಲೀಕರು ಒಪ್ಪಬೇಕಾಗಿಲ್ಲ.

ಎಲ್ಲವೂ ಸರಿಯಿದ್ದೂ ಎಂಜಿನ್ ಕಾಯುತ್ತಿದ್ದರೆ ಶಾಖದ ಮೂಲವನ್ನೇ ನೋಡಬೇಕು. ಬಿಗಿಹಿಡಿದ ಬ್ರೇಕ್, ಜಾರುವ ಕ್ಲಚ್, ತಪ್ಪಿದ ಇಂಧನ ಟೈಮಿಂಗ್, ಕಟ್ಟಿಕೊಂಡ ಸೈಲೆನ್ಸರ್ ಮತ್ತು ಮಿತಿಮೀರಿದ ಭಾರ ಇವು ಎಂಜಿನ್ ಮೇಲಿನ ಹೊರೆಯನ್ನು ಹೆಚ್ಚಿಸುತ್ತವೆ.

ಕೊಳವೆಬಾವಿಯ ನೀರು ಎಂಬ ಮೂಲದೋಷ

ನಗರದ ದಕ್ಷಿಣ ಅಂಚಿನಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಬಳಕೆ ಬಹುಕಾಲದಿಂದ ರೂಢಿಯಲ್ಲಿದೆ. 2024ರ ಬೇಸಿಗೆಯ ನೀರಿನ ಅಭಾವವನ್ನೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡುದನ್ನೂ ಓದುಗರು ಬಲ್ಲರು. ಕುಡಿಯಲು ಯೋಗ್ಯವಾದ ನೀರೆಲ್ಲ ರೇಡಿಯೇಟರ್‌ಗೆ ಯೋಗ್ಯವಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಸಹ್ಯವೆಂದೂ ಹೇಳುತ್ತದೆ. ಇಂತಹ ನೀರು ಕಾದ ಲೋಹದ ಮೇಲೆ ಸ್ನಾನದ ಹಂಡೆಯಲ್ಲಿ ಕಾಣುವಂತಹ ಸುಣ್ಣದ ಪದರವನ್ನು ಕಟ್ಟುತ್ತದೆ. ಈ ಪದರವು ಎರಕದ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖವನ್ನು ಹಾಯಿಸುವುದರಿಂದ, ಸಿಲಿಂಡರ್‌ನ ಬಿಸಿ ನೀರಿಗೆ ತಲುಪದೆ ಲೋಹದಲ್ಲೇ ಉಳಿಯುತ್ತದೆ. ಸೋರಿಕೆ ಇರುವ ವಾಹನಕ್ಕೆ ದಿನವೂ ಹೊಸ ನೀರು ತುಂಬುವುದೆಂದರೆ ದಿನವೂ ಹೊಸ ಸುಣ್ಣವನ್ನು ತುಂಬಿದಂತೆ.

ಬ್ಯಾಟರಿಗೆ ಬಳಸುವ ಖನಿಜರಹಿತ ನೀರನ್ನೇ ಕೂಲಂಟ್ ಜೊತೆ ಬೆರೆಸಬೇಕು. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಕೂಲಂಟ್ ಬೇಡವೆಂಬ ವಾದ ತಪ್ಪು. ತುಕ್ಕನ್ನು ತಡೆಯುವುದು ಮತ್ತು ಕುದಿಬಿಂದುವನ್ನು ಏರಿಸುವುದು ಇಲ್ಲಿ ಅದರ ಮುಖ್ಯ ಪ್ರಯೋಜನ. ಡಬ್ಬಿಯ ಮೇಲೆ ಐಎಸ್ 5759 ಮಾನಕದ ಉಲ್ಲೇಖವನ್ನು ನೋಡಿ ಕೊಳ್ಳಬೇಕು. ಬೆರೆಸಿಯೇ ಬರುವ ದ್ರವಕ್ಕೆ ಮತ್ತೆ ನೀರು ಸೇರಿಸಬಾರದು. ಗಾಢ ದ್ರವವನ್ನು ಬೆರೆಸದೆ ತುಂಬಲೂಬಾರದು, ಏಕೆಂದರೆ ಶಾಖವನ್ನು ಹೊರುವ ಶಕ್ತಿ ಅದಕ್ಕೆ ನೀರಿಗಿಂತ ಕಡಿಮೆ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಎರಡು ಬಗೆಯ ಕೂಲಂಟ್‌ಗಳು ಒಂದೇ ಆಗಿರುವುದಿಲ್ಲ, ಬೆರೆಸಬಾರದು. ಹೊರತೆಗೆದ ಹಳೆಯ ಕೂಲಂಟ್ ವಿಷಕಾರಿ ಹಾಗೂ ರುಚಿಯಲ್ಲಿ ಸಿಹಿ. ಅಂಗಳದಲ್ಲಿ ಚೆಲ್ಲಿದರೆ ದನ, ನಾಯಿಗಳ ಪ್ರಾಣಕ್ಕೆ ಅಪಾಯ.

ರೂಢಿಯಲ್ಲಿರುವ ಕೆಲವು ತಪ್ಪುಗಳು

‘ಥರ್ಮೋಸ್ಟಾಟ್ ತೆಗೆದುಬಿಡಿ, ಎಂಜಿನ್ ತಣ್ಣಗಿರುತ್ತದೆ’ ಎಂಬ ಸಲಹೆ ವ್ಯಾಪಕವಾಗಿದೆ. ಹೀಗೆ ಮಾಡಿದರೆ ಎಂಜಿನ್ ಕೆಲಸದ ಉಷ್ಣತೆಯನ್ನು ತಲುಪದೆ ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ಸವೆತವೂ ಹೆಚ್ಚುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚದೆ, ಬಿಸಿನೀರು ರೇಡಿಯೇಟರ್ ತಪ್ಪಿಸಿ ಸುತ್ತುವುದರಿಂದ ಎಂಜಿನ್ ಇನ್ನಷ್ಟು ಕಾಯುತ್ತದೆ.

ಸೋರುವ ರೇಡಿಯೇಟರ್‌ಗೆ ಅರಿಶಿನದ ಪುಡಿ ಹಾಕುವುದು ದಾರಿಬದಿಯ ಹಳೆಯ ಉಪಾಯ. ಊರು ಸೇರುವವರೆಗೆ ಅದು ನೆರವಾಗಬಹುದು. ಆದರೆ ಸೋರುವ ತೂತನ್ನು ಮುಚ್ಚುವ ಪುಡಿ ಸೋರದ ನಳಿಕೆಗಳನ್ನೂ ಮುಚ್ಚಬಲ್ಲದು. ಹೀಗೆ ಮಾಡಿದ್ದರೆ ಬೇಗನೆ ವ್ಯವಸ್ಥೆಯನ್ನು ತೊಳೆಸಿ ಸೋರಿಕೆಯನ್ನು ಸರಿಪಡಿಸಬೇಕು.

ಕಾದ ಎಂಜಿನ್‌ನ ಮುಚ್ಚಳವನ್ನು ತೆರೆಯುವುದು ಮುಖ ಮತ್ತು ಕೈಗಳಿಗೆ ತೀವ್ರ ಸುಟ್ಟಗಾಯ ತರುವ ಕೆಲಸ. ಒತ್ತಡ ಬಿಟ್ಟೊಡನೆ ಒಳಗಿನ ದ್ರವ ಹಬೆಯಾಗಿ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ಹೋಸ್ ಮೆತ್ತಗಾದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆರೆಯಬೇಕು. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಅಥವಾ ಬ್ಲಾಕ್ ಸೀಳುವ ಸಂಭವವಿದೆ.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ‘ಇನ್ನೇನು ಬಂದೇಬಿಟ್ಟಿತು’ ಎಂದು ಕೆಂಪು ಗೆರೆಯಲ್ಲೇ ವಾಹನ ಓಡಿಸುವುದು. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್‌ಗಳಲ್ಲಿ ಕೆಲವೇ ನಿಮಿಷಗಳ ಅತಿಶಾಖಕ್ಕೆ ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟು, ಒಂದು ಹೋಸ್‌ನ ಖರ್ಚಿನಲ್ಲಿ ಮುಗಿಯಬೇಕಾದದ್ದು ಎಂಜಿನ್ ಬಿಚ್ಚುವವರೆಗೆ ಬೆಳೆಯುತ್ತದೆ. ಈ ನಷ್ಟವನ್ನು ವಿಮೆ ಭರಿಸುತ್ತದೆ ಎಂದು ಭಾವಿಸುವಂತಿಲ್ಲ. ಸಾಮಾನ್ಯ ಮೋಟಾರು ವಿಮಾ ಪಾಲಿಸಿಯಲ್ಲಿ ಯಾಂತ್ರಿಕ ವೈಫಲ್ಯ ಮತ್ತು ಸವೆತವನ್ನು ಹೊರಗಿಡಲಾಗಿದೆ. ಆದ್ದರಿಂದ ಸರಕು ತಡವಾದರೂ ಸರಿ, ಮುಳ್ಳು ಕೆಂಪು ಗೆರೆ ತಲುಪಿದೊಡನೆ ಬದಿಗೆ ನಿಲ್ಲಿಸುವ ಅಧಿಕಾರವನ್ನು ಚಾಲಕರಿಗೆ ಮಾಲೀಕರೇ ಸ್ಪಷ್ಟವಾಗಿ ಕೊಟ್ಟಿರಬೇಕು. ತಡವಾದುದಕ್ಕೆ ಬೈಗುಳ ತಿನ್ನಬೇಕಾದ ಚಾಲಕ ವಾಹನವನ್ನು ನಿಲ್ಲಿಸುವುದಿಲ್ಲ.

ವರ್ಕ್‌ಶಾಪ್‌ನೊಡನೆ ವ್ಯವಹಾರ

ವಾಹನವನ್ನು ಒಪ್ಪಿಸುವಾಗ ‘ಹೀಟ್ ಆಗುತ್ತೆ, ನೋಡಿ’ ಎನ್ನುವುದರ ಬದಲು ಯಾವಾಗ ಕಾಯುತ್ತದೆ, ವಾರಕ್ಕೆ ಎಷ್ಟು ಲೀಟರ್ ನೀರು ಬೇಕಾಗುತ್ತಿದೆ, ಇತ್ತೀಚೆಗೆ ಏನನ್ನು ಬದಲಿಸಲಾಗಿದೆ ಎಂಬುದನ್ನು ಬರೆದು ಕೊಡಬೇಕು. ಯಾವ ಪರೀಕ್ಷೆಯಿಂದ ಯಾವ ದೋಷ ಕಂಡಿತೆಂದು ಕೇಳಿ ತಿಳಿಯಬೇಕು. ತೆಗೆದ ಹಳೆಯ ಭಾಗವನ್ನು ಪಡೆದು ನೋಡಬೇಕು. ಜೆ.ಸಿ. ರಸ್ತೆಯ ಬಿಡಿಭಾಗಗಳ ಮಳಿಗೆಗಳಿಗೆ ಹೋಗುವಾಗ ಹಳೆಯ ಥರ್ಮೋಸ್ಟಾಟ್ ಮತ್ತು ಮುಚ್ಚಳವನ್ನು ಜೊತೆಗೊಯ್ದು, ಅವುಗಳ ಮೇಲಿನ ಉಷ್ಣತೆ ಮತ್ತು ಒತ್ತಡದ ಅಂಕಿಗಳನ್ನು ಹೋಲಿಸಿಯೇ ಹೊಸದನ್ನು ಕೊಳ್ಳಬೇಕು. ‘ಹೆಚ್ಚು ಒತ್ತಡದ್ದು ಒಳ್ಳೆಯದು’ ಎಂದು ಮುಚ್ಚಳ ಬದಲಿಸಿದರೆ ಹಳೆಯ ಹೋಸ್ ಅಥವಾ ರೇಡಿಯೇಟರ್ ಒಡೆಯುತ್ತದೆ.

ಜಿಎಸ್‌ಟಿಯ ನಿಯಮಿತ ಯೋಜನೆಯಡಿ ನೋಂದಾಯಿಸಿದ ಉದ್ಯಮಿಗಳು ವ್ಯವಹಾರಕ್ಕೆ ಬಳಸುವ ಸರಕು ಸಾಗಣೆ ವಾಹನದ ದುರಸ್ತಿಯ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ನಿಯಮಾನುಸಾರ ಪಡೆಯಬಹುದು. ಆದ್ದರಿಂದ ಕ್ರಮಬದ್ಧ ಬಿಲ್ಲನ್ನು ಕೇಳಿ ಪಡೆಯುವುದು ಲಾಭಕರ. ವಿವರವಾದ ಬಿಲ್ಲು ಮುಂದಿನ ದೋಷಪತ್ತೆಗೂ ದಾಖಲೆಯಾಗುತ್ತದೆ.

ನೀರಿಗೂ ಒಂದು ಕಿರ್ದಿ

ವಾಹನದಲ್ಲಿ ಒಂದು ಸಣ್ಣ ಪುಸ್ತಕವನ್ನಿಡುವುದು ಅತ್ಯಂತ ಅಗ್ಗದ ಉಪಕರಣ. ಬೆಳಿಗ್ಗೆ ತಣ್ಣನೆಯ ಎಂಜಿನ್‌ನಲ್ಲಿ ಡಬ್ಬಿಯ ಮಟ್ಟ, ತುಂಬಿದ ನೀರಿನ ಅಳತೆ, ಮುಳ್ಳು ಏರಿದ್ದರೆ ಆ ಸ್ಥಳ ಮತ್ತು ಹೊತ್ತಿದ್ದ ಭಾರ, ಈ ನಾಲ್ಕನ್ನು ದಿನಾಂಕದೊಡನೆ ಬರೆದರೆ ಸಾಕು. ಒಂದು ತಿಂಗಳಲ್ಲಿ ದೋಷದ ದಿಕ್ಕು ತಾನಾಗಿ ಗೋಚರಿಸುತ್ತದೆ. ಇದರ ಜೊತೆಗೆ ತಿಂಗಳಿಗೊಮ್ಮೆ ಬೆಲ್ಟ್, ಹೋಸ್ ಮತ್ತು ಮುಚ್ಚಳದ ತಪಾಸಣೆ, ಬೇಸಿಗೆಗೆ ಮುನ್ನ ರೇಡಿಯೇಟರ್‌ನ ಹೊರಮೈ ಶುಚಿ, ಕೈಪಿಡಿಯಲ್ಲಿ ಹೇಳಿದ ಅವಧಿಗೆ ಕೂಲಂಟ್ ಬದಲಾವಣೆ, ಇಷ್ಟನ್ನು ತಪ್ಪದೆ ಪಾಲಿಸಬೇಕು.

ಹಣದ ಸೋರಿಕೆಯನ್ನು ಪ್ರತಿದಿನದ ಕಿರ್ದಿಯಲ್ಲಿ ಹಿಡಿಯುವ ವರ್ತಕರಿಗೆ ನೀರಿನ ಸೋರಿಕೆಯನ್ನು ಹಿಡಿಯುವುದು ಕಷ್ಟವಾಗಲಾರದು. ಹಳೆಯ ವಾಹನವನ್ನು ಮಾರಬೇಕೆ, ದುರಸ್ತಿ ಮಾಡಿಸಿ ಇಟ್ಟುಕೊಳ್ಳಬೇಕೆ ಎಂಬ ನಿರ್ಧಾರವನ್ನೂ ಅದೇ ಪುಸ್ತಕ ಮುಂದಿಟ್ಟುಕೊಂಡು ಕೈಗೊಂಡರೆ, ಅದು ಊಹೆಯ ಮೇಲಲ್ಲದೆ ಲೆಕ್ಕದ ಮೇಲೆ ನಿಲ್ಲುತ್ತದೆ.